ಲೋಕವನ್ನು ತಿದ್ದುವ ಮುನ್ನ

ಲೋಕದ ಡೊಂಕನ್ನು ಕುರಿತ ಬಸವಣ್ಣನವರ ವಚನವು ಬಹುಜನ ಭಕ್ತರಿಗೆ ಬಾಯಿಪಾಠವಾಗಿದೆ. ಪರರನ್ನು ನೇರಗೊಳಿಸಲು ಹೊರಟವರನ್ನು ತಡೆದು ನಿಲ್ಲಿಸಿ, ಮೊದಲು ತಮ್ಮ ಒಳಗನ್ನೇ ಹದಮಾಡಿಕೊಳ್ಳುವಂತೆ ಅಣ್ಣನವರು ಅಲ್ಲಿ ಬುದ್ಧಿ ಹೇಳುತ್ತಾರೆ. ಆ ವಚನದ ಕೊನೆಯ ಮಾತು ಇನ್ನೂ ನಿಷ್ಠುರವಾದುದು. ಬೇರೆಯವರ ಮನೆಯ ಸಂಕಟಕ್ಕೆ ಕಣ್ಣೀರಿಟ್ಟು, ತನ್ನ ಮನೆಯೊಳಗಿನ ಸಂಕಟವನ್ನು ಕಾಣದೆ ಹೋಗುವವನನ್ನು ಸಂಗಮನಾಥನು ಒಪ್ಪುವುದಿಲ್ಲ ಎಂಬುದು ಅದರ ತಾತ್ಪರ್ಯ. ಒಬ್ಬೊಬ್ಬ ವ್ಯಕ್ತಿಗೂ ಹೇಳಿದ ಈ ಮಾತು ಸಂಸ್ಥೆಗಳಿಗೂ ಸಲ್ಲುತ್ತದೆ. ಮಠವಾಗಲಿ, ಮಂದಿರವಾಗಲಿ, ದರ್ಗಾ ಅಥವಾ ಚರ್ಚಾಗಲಿ, ಲೋಕವನ್ನು ತಿದ್ದುವುದು ತನ್ನ ಕಾಯಕವೆಂದು ಬಗೆದ ಸಂಸ್ಥೆಯು, ತಿದ್ದುವ ಕೈಯಲ್ಲಿ ಮುರಿದುಹೋದವರನ್ನು ನೆನೆಯುವುದು ಅಪರೂಪ.

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯು ಈ ವಿಚಾರವನ್ನು ಚಿಂತಿಸಲು ತಕ್ಕ ಸ್ಥಳವಾಗಿದೆ. ಶಿವಯೋಗೀಶ್ವರರ ಸನ್ನಿಧಿಯಿಂದ ಹೆಸರಾದ ಈ ಊರಿನಲ್ಲಿ ಕ್ರಿ.ಶ. 945ರ ಒಂದು ಕಂಬಶಾಸನವಿದೆ. ಆಗ ಈ ಊರಿನ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಇಲ್ಲೊಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಉಳಿದುಕೊಳ್ಳಲು 27 ಮನೆಗಳಿದ್ದವು. ಅವರ ಅನ್ನಕ್ಕೂ ದೀಪಕ್ಕೂ ಗುರುವಿನ ಜೀವನಕ್ಕೂ ಭೂಮಿಯನ್ನು ಬಿಡಲಾಗಿತ್ತು. ಸಾವಿರ ವರ್ಷಗಳಿಗೂ ಹಿಂದೆ ದೂರದ ಊರಿನ ಮಕ್ಕಳಿಗೆ ಸೂರು ಕೊಟ್ಟ ನೆಲವಿದು ಎಂಬುದು ಈ ಭಾಗದವರಿಗೆ ಹೆಮ್ಮೆಯ ಸಂಗತಿ.

ಶಾಸನಗಳಿಗೆ ಒಂದು ಸ್ವಭಾವವಿದೆ. ಕೊಟ್ಟ ದಾನ, ಬಿಟ್ಟ ಭೂಮಿ, ಕಟ್ಟಿಸಿದ ಶಾಲೆ ಇವೆಲ್ಲವನ್ನೂ ಅವು ಕಲ್ಲಿನಲ್ಲಿ ನಿಲ್ಲಿಸುತ್ತವೆ. ಆ ಶಾಲೆಯಲ್ಲಿ ಯಾರಾದರೂ ನೊಂದಿದ್ದರೆ ಆ ನೋವಿಗೆ ಶಾಸನವಿಲ್ಲ. ಧಾರ್ಮಿಕ ಸಂಸ್ಥೆಗಳ ನೆನಪೂ ಇದೇ ಬಗೆಯದು. ದಾಸೋಹದ ಲೆಕ್ಕವಿರುತ್ತದೆ, ಶಾಲಾ ಕಾಲೇಜುಗಳ ಲೆಕ್ಕವಿರುತ್ತದೆ, ಸಾಮೂಹಿಕ ವಿವಾಹಗಳ ಲೆಕ್ಕವಿರುತ್ತದೆ. ಹೊಸ್ತಿಲ ಮುಂದೆ ಅಳುತ್ತಾ ಕುಳಿತು ಎದ್ದುಹೋದ ಒಬ್ಬ ಯುವಕನ ಲೆಕ್ಕವಿರುವುದಿಲ್ಲ.

ಆ ಯುವಕನನ್ನು ಕಣ್ಣ ಮುಂದೆ ತಂದುಕೊಳ್ಳುವುದು ಕಷ್ಟವಲ್ಲ. ಲಿಂಬೆ ತೋಟದ ಒಡೆಯನಾದ ಒಬ್ಬ ತಂದೆ. ದುಡಿಮೆಗಾರ, ಲಿಂಗಪೂಜೆ ತಪ್ಪಿಸದವನು. ಮಗನಿಗೆ ಹೆಣ್ಣಿನ ಮೇಲೆ ಮನಸ್ಸಿಲ್ಲ, ಗೆಳೆಯನೊಬ್ಬನ ಮೇಲೆ ಪ್ರೀತಿಯಿದೆ ಎಂಬುದು ಮನೆಯಲ್ಲಿ ತಿಳಿಯುತ್ತದೆ. ತಂದೆಗೆ ಸಿಟ್ಟಿಗಿಂತ ಭಯವೇ ದೊಡ್ಡದು. ತನ್ನ ತೋಟದ ಲಿಂಬೆಯನ್ನೇ ಇಳಿತೆಗೆದು ದಾರಿಗೆ ಎಸೆಯುತ್ತಾನೆ. ಆಮೇಲೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ಗದ್ದುಗೆಯಿಂದ ಇನ್ನೊಂದು ಗದ್ದುಗೆಗೆ ಮಗನನ್ನು ಕರೆದೊಯ್ಯುತ್ತಾನೆ. ಎಲ್ಲೋ ತಾಯಿತ, ಎಲ್ಲೋ ಉಪವಾಸದ ವ್ರತ, ಎಲ್ಲೋ ಬೇವಿನ ಸೊಪ್ಪಿನ ಏಟು. ಕೊನೆಗೆ ಹಿರಿಯರೊಬ್ಬರು, ಲಗ್ನ ಮಾಡಿಬಿಡು, ಎಲ್ಲವೂ ಸರಿಯಾಗುತ್ತದೆ ಎನ್ನುತ್ತಾರೆ. ಲಗ್ನವಾಗುತ್ತದೆ, ಆಶೀರ್ವಾದವೂ ದೊರೆಯುತ್ತದೆ. ಸರಿಯಾಗುವುದಿಲ್ಲ. ಒಬ್ಬರ ನೋವು ಇಬ್ಬರದಾಗುತ್ತದೆ. ಏನೂ ಅರಿಯದೆ ಬಂದ ಹೆಣ್ಣುಮಗಳು ತನ್ನಲ್ಲೇ ಏನೋ ಕೊರತೆಯಿದೆಯೆಂದು ಕೊರಗುತ್ತಾಳೆ. ಇದು ಹೆಸರಿಟ್ಟು ಹೇಳುವ ಒಬ್ಬರ ಕಥೆಯಲ್ಲ. ಹೆಸರು ಹೇಳಲಾಗದ ಅನೇಕರ ಕಥೆ.

ಇದಕ್ಕೆ ಇಂದು ಪರಿವರ್ತನಾ ಚಿಕಿತ್ಸೆ ಎಂಬ ಹೆಸರಿದೆ. ಸಲಿಂಗಪ್ರೇಮಿಯನ್ನು ಅಥವಾ ಲಿಂಗತ್ವ ಅಲ್ಪಸಂಖ್ಯಾತರನ್ನು ಬಲವಂತದಿಂದಲೋ ಒಲವಿನ ಮಾತಿನಿಂದಲೋ ಬೇರೆಯವರಂತೆ ಮಾಡಲು ನಡೆಸುವ ಎಲ್ಲ ಪ್ರಯತ್ನಗಳೂ ಈ ಹೆಸರಿನೊಳಗೆ ಬರುತ್ತವೆ. ವಿಶ್ವಸಂಸ್ಥೆಯ ಸ್ವತಂತ್ರ ತಜ್ಞರೊಬ್ಬರು 2020ರಲ್ಲಿ ಮಾನವ ಹಕ್ಕುಗಳ ಮಂಡಳಿಗೆ ಸಲ್ಲಿಸಿದ ವರದಿಯು ಇದರ ಮೂರು ದಾರಿಗಳನ್ನು ಗುರುತಿಸಿತು: ಮನೋಚಿಕಿತ್ಸೆಯ ದಾರಿ, ಔಷಧೋಪಚಾರದ ದಾರಿ, ಧರ್ಮಶ್ರದ್ಧೆಯ ದಾರಿ. ಮೂರೂ ಫಲ ಕೊಡುವುದಿಲ್ಲ. ಮೂರೂ ಗಾಯ ಮಾಡುತ್ತವೆ. ಖಿನ್ನತೆ, ತನ್ನ ಮೇಲೆಯೇ ಹುಟ್ಟುವ ಅಸಹ್ಯ, ಪ್ರಾಣ ಕಳೆದುಕೊಳ್ಳುವ ಯೋಚನೆ ಇವು ಆ ಗಾಯದ ಲಕ್ಷಣಗಳು. ರೋಗವೇ ಇಲ್ಲದಲ್ಲಿ ಮದ್ದು ವಿಷವಾಗುತ್ತದೆ. ಸಲಿಂಗಪ್ರೇಮವು ರೋಗವಲ್ಲವೆಂದು ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿಯೂ, ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೂ ಒಪ್ಪಿದವು. ಭಾರತೀಯ ಮನೋವೈದ್ಯರ ಸಂಘವು 2018ರಲ್ಲಿ ಅದನ್ನೇ ಸ್ಪಷ್ಟವಾಗಿ ಸಾರಿತು.

ಕರ್ನಾಟಕದಲ್ಲಿ ಈ ನೋವನ್ನು ತಮ್ಮ ಹೆಸರಿನಲ್ಲಿಯೇ ನಾಡಿನ ಮುಂದಿಟ್ಟವರು ಕೆಲವರಿದ್ದಾರೆ. ಅವರಲ್ಲಿ ಮಂಜಮ್ಮ ಜೋಗತಿಯವರು ಪ್ರಮುಖರು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥನಾಗಿ ಹುಟ್ಟಿದ ಅವರು ಬಾಲ್ಯದಿಂದಲೇ ತಮ್ಮನ್ನು ಹೆಣ್ಣೆಂದು ಅರಿತಿದ್ದರು. ಮನೆಯವರು ಕಂಬಕ್ಕೆ ಕಟ್ಟಿ ಹೊಡೆದು ಆ ಭಾವವನ್ನು ಬಿಡಿಸಲು ನೋಡಿದರು ಎಂದು ಅವರೇ ಹೇಳಿಕೊಂಡಿದ್ದಾರೆ. ಬಳಿಕ ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರಿಗೆ ಮುತ್ತು ಕಟ್ಟಿಸಲಾಯಿತು. ದೇವಿಯ ಹೆಸರಿನಲ್ಲಿ ಅವರಿಗೊಂದು ಸ್ಥಾನ ಸಿಕ್ಕಿತು, ಮನೆ ಮಾತ್ರ ತಪ್ಪಿಹೋಯಿತು. ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ಭಿಕ್ಷೆ ಬೇಡಿ ಬದುಕಿ, ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತು ಅವರು ಕಲೆಯಲ್ಲಿ ನೆಲೆ ಕಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ರಾಷ್ಟ್ರಪತಿಗಳ ಮುಂದೆ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದು ಅವರು ಹರಸಿದ ದೃಶ್ಯವನ್ನು ದೇಶವೇ ಕಂಡು ಮೆಚ್ಚಿತು.

ಮಂಜಮ್ಮನವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಈ ಹೆಸರು ಮುದನೂರಿನ ಶರಣ ಜೇಡರ ದಾಸಿಮಯ್ಯನವರ ವಚನವನ್ನು ನೆನಪಿಗೆ ತರುತ್ತದೆ. ದೇಹದ ಹೊರಗುರುತುಗಳನ್ನು ನೋಡಿ ಲೋಕವು ಒಬ್ಬರನ್ನು ಹೀಗೆಂದೂ ಇನ್ನೊಬ್ಬರನ್ನು ಹಾಗೆಂದೂ ಕರೆಯಬಹುದು, ಆದರೆ ಒಳಗಿರುವ ಚೈತನ್ಯಕ್ಕೆ ಆ ಭೇದವು ಅಂಟುವುದಿಲ್ಲ ಎಂಬುದು ಆ ವಚನದ ನಿಲುವು. ಶರಣಸತಿ-ಲಿಂಗಪತಿ ಭಾವದಲ್ಲಿ ಗಂಡಾಗಿ ಹುಟ್ಟಿದ ಶರಣನೂ ತನ್ನನ್ನು ಸತಿಯೆಂದು ಭಾವಿಸಿ ಲಿಂಗವನ್ನು ಒಲಿಯುತ್ತಾನೆ. ಅಂಗೈಯಲ್ಲಿ ನೆಲೆಸುವ ಇಷ್ಟಲಿಂಗವು ತನ್ನನ್ನು ಹಿಡಿದ ಕೈ ಯಾರದೆಂದು ವಿಚಾರಿಸುವುದಿಲ್ಲ. ಇಷ್ಟು ವಿಶಾಲವಾದ ತತ್ತ್ವವನ್ನು ಪಡೆದ ಪರಂಪರೆಯಲ್ಲಿ, ಕಂಬಕ್ಕೆ ಕಟ್ಟಿಸಿಕೊಂಡ ಮಗುವಿನ ಪರವಾಗಿ ಮಾತನಾಡಲು ಹಿಂಜರಿಕೆಯೇಕೆ? ಪ್ರವಚನದಲ್ಲಿ ದಾಸಿಮಯ್ಯನವರ ವಚನವನ್ನು ವಿವರಿಸುವುದು ಸುಲಭ. ಪ್ರವಚನ ಮುಗಿದ ಮೇಲೆ ಮಗನನ್ನು ಎಳೆದುಕೊಂಡು ಬಂದ ತಂದೆಗೆ ಆ ವಚನವನ್ನೇ ಹೇಳಿ ಕಳುಹಿಸುವುದು ಕಷ್ಟ. ತತ್ತ್ವಕ್ಕೂ ಹೊಸ್ತಿಲಿಗೂ ನಡುವೆ ಉಳಿದಿರುವ ಆ ಅಂತರದಲ್ಲಿಯೇ ಮಕ್ಕಳು ಕಳೆದುಹೋಗುತ್ತಾರೆ.

ತಪ್ಪನ್ನು ಒಪ್ಪಿಕೊಳ್ಳುವುದು ಯಾವ ಸಂಸ್ಥೆಗೂ ಸುಲಭವಾಗಿ ಬಂದುದಲ್ಲ. 1970 ಮತ್ತು 80ರ ದಶಕಗಳಲ್ಲಿ ಸಲಿಂಗಪ್ರೇಮಿಗಳನ್ನು ‘ಗುಣಪಡಿಸುವ’ ವಿಧಾನಗಳ ಬಗ್ಗೆ ಭಾರತದ ಮನೋವೈದ್ಯರೇ ತಮ್ಮ ಪತ್ರಿಕೆಯಲ್ಲಿ ಲೇಖನಗಳನ್ನು ಬರೆದಿದ್ದರು. 2001ರಲ್ಲಿ, ಇಂಥ ಚಿಕಿತ್ಸೆಗೆ ಒಳಗಾದ ಒಬ್ಬರ ಪರವಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಯಿತು. ಸಲಿಂಗಕಾಮವು ದಂಡಸಂಹಿತೆಯಲ್ಲಿ ಅಪರಾಧವಾಗಿರುವುದರಿಂದ ಆಯೋಗವು ದೂರನ್ನು ಕೈಗೆತ್ತಿಕೊಳ್ಳಲಿಲ್ಲ. ನೊಂದವನೇ ಅಪರಾಧಿಯ ಸ್ಥಾನದಲ್ಲಿ ನಿಂತ ಕಾಲವದು. ಅದೇ ವರ್ಷ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯ ಕರ್ನಾಟಕ ಘಟಕವು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳನ್ನು ಕುರಿತು ವರದಿಯೊಂದನ್ನು ಹೊರತಂದಿತು. 2003ರಲ್ಲಿ ಎರಡನೆಯ ವರದಿಯೂ ಬಂದಿತು. ಕೇಳುವ ಕಿವಿಗಳು ಆಗ ಕಡಿಮೆಯಿದ್ದವು.

ನಿಧಾನವಾಗಿಯಾದರೂ ಆ ಸಂಸ್ಥೆಗಳು ಬದಲಾದವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಬಿಡಿಸಿತು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೇಳಬೇಕಾಗಿದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ತಮ್ಮ ತೀರ್ಪಿನಲ್ಲಿ ಬರೆದರು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಸಲಿಂಗ ಜೋಡಿಯೊಂದರ ಪ್ರಕರಣ ಬಂದಾಗ ನಡೆದ ಸಂಗತಿಯು ಭಕ್ತರು ಮನನ ಮಾಡಬೇಕಾದುದು. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರ ಬಳಿ ತಾವೇ ಪಾಠಕ್ಕೆ ಕುಳಿತರು. ಆ ಸಮುದಾಯದವರ ಮಾತನ್ನು ಕೇಳಿದರು. ಆಮೇಲೆಯೇ ಜೂನ್ 7ರಂದು ಆದೇಶ ನೀಡಿ, ವೈದ್ಯಕೀಯದ ಮೂಲಕ ಇವರನ್ನು ಬದಲಾಯಿಸುವ ಯತ್ನಗಳನ್ನು ನಿಷೇಧಿಸಿದರು. ಆ ಆದೇಶದ ಹಿನ್ನೆಲೆಯಲ್ಲಿ 2022ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಘೋಷಿಸಿ ಎಲ್ಲ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಪತ್ರ ಬರೆಯಿತು. ಉನ್ನತ ಪೀಠದಲ್ಲಿ ಕುಳಿತವರೊಬ್ಬರು ಲೋಕಕ್ಕೆ ತೀರ್ಪು ಹೇಳುವ ಮುನ್ನ ತಮ್ಮ ಮನಸ್ಸನ್ನು ತಿದ್ದಿಕೊಂಡರು. ಅಣ್ಣನವರ ವಚನವು ಆಚರಣೆಗೆ ಬಂದುದು ನ್ಯಾಯಾಲಯದಲ್ಲಿ.

ವೈದ್ಯರನ್ನು ಕಟ್ಟಿಹಾಕುವ ಈ ನಿಯಮವು ಗದ್ದುಗೆ, ಗುಡಿ, ಪ್ರಾರ್ಥನಾ ಮಂದಿರಗಳವರೆಗೆ ಬರುವುದಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯೊಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿಹಾಕುವುದನ್ನೂ ಹೊಡೆಯುವುದನ್ನೂ ಅದು ಅಪರಾಧವೆನ್ನುತ್ತದೆ. ಆ ಕಾಯ್ದೆ ಬರಬೇಕೆಂದು ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿಯವರಂಥ ಮಠಾಧೀಶರೇ ಹೋರಾಡಿದ್ದು ಸ್ಮರಣೀಯ. ಆದರೆ ಏಟಿಲ್ಲದ ತಿದ್ದುವಿಕೆಯನ್ನು ಯಾವ ಕಾಯ್ದೆಯೂ ಸುಲಭವಾಗಿ ಮುಟ್ಟಲಾರದು. ನೀನು ಇರುವ ಹಾಗೆ ಇರಬಾರದು ಎಂದು ಪೂಜ್ಯರೊಬ್ಬರು ಮೃದುವಾಗಿ ಹೇಳಿದ ಒಂದು ಮಾತು ಹತ್ತು ಏಟುಗಳಿಗಿಂತ ಆಳಕ್ಕೆ ಇಳಿಯಬಲ್ಲುದು. ಅಲ್ಲಿ ಕೆಲಸ ಮಾಡಬೇಕಾದುದು ಅಂತಃಸಾಕ್ಷಿ.

ಹಿಂಜರಿಕೆಗೆ ಕಾರಣಗಳಿಲ್ಲದಿಲ್ಲ. ಮೊದಲನೆಯದು, ಇದು ಪರದೇಶದ, ಪರಧರ್ಮದ ಸಮಸ್ಯೆಯೆಂಬ ಭಾವನೆ. ಅಮೆರಿಕದಲ್ಲಿ ಪ್ರಾರ್ಥನೆಯಿಂದ ಸಲಿಂಗಪ್ರೇಮಿಗಳನ್ನು ಬದಲಾಯಿಸುವೆವೆಂದು 1976ರಲ್ಲಿ ಹುಟ್ಟಿದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆಯು 2013ರಲ್ಲಿ ನೊಂದವರ ಕ್ಷಮೆ ಕೇಳಿ ಬಾಗಿಲು ಮುಚ್ಚಿತು. ಕೇರಳದ ವಿದ್ಯಾರ್ಥಿನಿಯೊಬ್ಬಳು ತನ್ನನ್ನು ಬದಲಾಯಿಸಲು ಕೂಡಿಹಾಕಿ ಔಷಧಿ ಕೊಟ್ಟರೆಂದು 2020ರ ಮಾರ್ಚಿನಲ್ಲಿ ಹೇಳಿಕೊಂಡು, ಮೇ ತಿಂಗಳಲ್ಲಿ ಗೋವೆಯಲ್ಲಿ ಪ್ರಾಣ ಬಿಟ್ಟಾಗ ಅನೇಕರು ಮರುಗಿದರು. ಇಂಥ ಸುದ್ದಿಗಳನ್ನು ಓದಿ ಅಯ್ಯೋ ಎನ್ನುವುದು ಸಹಜ. ಬೇರೆಯವರ ಮನೆಯ ಸಂಕಟಕ್ಕೆ ಅಳುವುದೆಂದರೆ ಇದೇ. ಎಕ್ಸೋಡಸ್ ಸಂಸ್ಥೆಗೆ ಹೆಸರಿತ್ತು, ಕಚೇರಿಯಿತ್ತು; ಆದುದರಿಂದ ಅದು ಕ್ಷಮೆ ಕೇಳಿ ಮುಚ್ಚಿಹೋಗಲು ಸಾಧ್ಯವಾಯಿತು. ಹಳ್ಳಿಯ ತಾಯಿತಕ್ಕೂ ವ್ರತಕ್ಕೂ ಲಗ್ನದ ಸಲಹೆಗೂ ಕಚೇರಿಯಿಲ್ಲ. ಕಚೇರಿಯಿಲ್ಲದ ತಪ್ಪಿಗೆ ಕ್ಷಮೆ ಕೇಳುವವರೂ ಇರುವುದಿಲ್ಲ.

ಎರಡನೆಯದು, ಕೇಡನ್ನು ಯಾರೂ ಬಯಸಿರಲಿಲ್ಲ ಎಂಬ ಸಮಾಧಾನ. ಇದು ನಿಜವೂ ಹೌದು. ತಂದೆ ತಾಯಿ ಒಳ್ಳೆಯದನ್ನೇ ಬಯಸಿದರು. ಭಸ್ಮ ಕೊಟ್ಟವರೂ ಒಳ್ಳೆಯದನ್ನೇ ಹರಸಿದರು. ಆದರೆ ಬಾಗೇವಾಡಿಯ ಬಾಲಕ ಬಸವರಸನಿಗೆ ಜನಿವಾರ ಹಾಕಲು ಹೊರಟ ತಂದೆ ತಾಯಿಯೂ ಮಗನ ಕೇಡನ್ನು ಬಯಸಿರಲಿಲ್ಲ. ತಮ್ಮ ಕುಲದ ರೂಢಿಯಂತೆ ಮಗನು ಸರಿಯಾಗಿರಲೆಂದು ಬಯಸಿದ್ದರು, ಅಷ್ಟೇ. ಒಲ್ಲೆನೆಂದು ಮನೆ ಬಿಟ್ಟು ನಡೆದ ಆ ಮಗನನ್ನು ಕೂಡಲಸಂಗಮದ ಜಾತವೇದಮುನಿಗಳು ತಿದ್ದಿ ಹಿಂದಕ್ಕೆ ಕಳುಹಿಸಲಿಲ್ಲ, ಇರಿಸಿಕೊಂಡು ಓದಿಸಿದರು. ಹಾಗೆ ಮಾಡದಿದ್ದರೆ ಲೋಕಕ್ಕೆ ಬಸವಣ್ಣನವರು ದೊರೆಯುತ್ತಿರಲಿಲ್ಲ. ಮನೆಯ ಅಚ್ಚಿಗೆ ಹೊಂದದ ಮಗನೊಬ್ಬನಿಗೆ ಸಂಗಮದ ಗುರುಸ್ಥಾನವು ಸೂರು ಕೊಟ್ಟ ದಿನದಿಂದಲೇ ಈ ಪರಂಪರೆಯ ಕಥೆ ಆರಂಭವಾಗುತ್ತದೆ ಎಂಬುದನ್ನು ಮಠಗಳು ಮರೆಯಲಾಗದು.

ಮೂರನೆಯದು, ಒಪ್ಪಿಕೊಂಡರೆ ಪೀಠದ ಗೌರವ ಕುಂದೀತೆಂಬ ಅಂಜಿಕೆ. ಹರಳಯ್ಯ ಮಧುವರಸರ ಮಕ್ಕಳ ವಿವಾಹವನ್ನು ಕಲ್ಯಾಣದ ಸನಾತನಿಗಳು ಲೋಕದ ಮರ್ಯಾದೆಗೆ ಬಂದ ಕೇಡೆಂದು ಭಾವಿಸಿದರು. ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಮರ್ಯಾದೆಯ ಹೆಸರಿನಲ್ಲಿ ತಿದ್ದಿಸಿಕೊಳ್ಳುವ ನೋವು ಏನೆಂಬುದನ್ನು ಶರಣ ಪರಂಪರೆಯು ತನ್ನ ಮೈಮೇಲೆಯೇ ಅನುಭವಿಸಿದೆ. ಅಂಥ ಪರಂಪರೆಯ ಪೀಠಕ್ಕೆ ಒಪ್ಪಿಕೊಳ್ಳುವುದರಿಂದ ಕುಂದು ಬಾರದು, ಮುಚ್ಚಿಡುವುದರಿಂದ ಬಂದೀತು.

ನಾಲ್ಕನೆಯ ಕಾರಣವನ್ನು ಬಹಳ ಮಂದಿ ಹೇಳುತ್ತಾರೆ: ಹಾಗೆ ನೊಂದವರೆಂದು ಇಲ್ಲಿಗೆ ಯಾರೂ ಬಂದು ಹೇಳಿಲ್ಲ. ಬರುವುದಾದರೂ ಹೇಗೆ? ಯಾವ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂರಿಸಲಾಯಿತೋ ಆ ಹೊಸ್ತಿಲಿಗೆ ಮರಳಿ ಬಂದು ದೂರು ಹೇಳುವ ಧೈರ್ಯ ಎಷ್ಟು ಜನರಿಗಿದ್ದೀತು? ಅವರು ಪುಣೆಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೊರಟುಹೋಗಿರುತ್ತಾರೆ. ಊರಿನ ಜಾತ್ರೆಗೆ ಬರುವುದನ್ನು ಬಿಟ್ಟಿರುತ್ತಾರೆ. ಕೆಲವರು ಕೊರಳಿನ ಲಿಂಗವನ್ನೂ ತೆಗೆದಿಟ್ಟಿರುತ್ತಾರೆ. ದೇವರ ಮೇಲಿನ ಮುನಿಸಿನಿಂದ ಅವರು ಹಾಗೆ ಮಾಡಿದರೆಂದು ಊರು ತಿಳಿಯುತ್ತದೆ. ದೇವರ ಹೆಸರು ಕಿವಿಗೆ ಬಿದ್ದಾಗಲೆಲ್ಲ ಆ ಅಮಾವಾಸ್ಯೆಯ ರಾತ್ರಿ ಮರಳಿ ಬರುತ್ತದೆಂಬುದು ಅವರಿಗೆ ಮಾತ್ರ ಗೊತ್ತು. ಅವರ ಮೌನವನ್ನು ನೋವಿಲ್ಲದಿರುವುದಕ್ಕೆ ಸಾಕ್ಷಿಯೆಂದು ಎಣಿಸುವುದು ಧರ್ಮವಲ್ಲ.

ಹಾಗಾದರೆ ಮಾಡಬೇಕಾದುದೇನು? ಅನುಭವ ಮಂಟಪದ ಹೆಸರಿನಲ್ಲಿಯೇ ಉತ್ತರವಿದೆ. ಶಾಸ್ತ್ರಕ್ಕಿಂತ ಅನುಭವಕ್ಕೆ ಅಲ್ಲಿ ಹಿರಿಯ ಸ್ಥಾನವಿತ್ತು. ಬದುಕಿ ನೋಡಿದವರು ಮಾತನಾಡುತ್ತಿದ್ದರು, ಪೀಠದಲ್ಲಿದ್ದವರು ಕೇಳುತ್ತಿದ್ದರು. ನೊಂದು ಬದುಕುಳಿದವರ ವಿಷಯದಲ್ಲಿಯೂ ಮೊದಲ ಕಾಯಕವು ಕೇಳುವುದೇ. ಅವರ ಮಾತಿಗೆ ಮೊದಲೇ ಉತ್ತರವನ್ನು ಸಿದ್ಧಮಾಡಿಕೊಳ್ಳದೆ, ಪುರಾವೆ ತನ್ನಿ ಎನ್ನದೆ, ಕ್ಷಮಿಸಿ ಮರೆತುಬಿಡಿ ಎಂದು ಅವಸರಪಡಿಸದೆ ಕೇಳಬೇಕು. ಎರಡನೆಯದು, ನಡೆದುದು ತಪ್ಪೆಂದು ಬಾಯಿಬಿಟ್ಟು ಹೇಳುವುದು. ಗೊತ್ತಿಲ್ಲದೆ ಆಯಿತು ಎನ್ನಬಹುದು, ಆದರೆ ಆಗಲಿಲ್ಲ ಎನ್ನಬಾರದು. ಮೂರನೆಯದು, ಮುಂದೆ ಮಗನನ್ನೋ ಮಗಳನ್ನೋ ತಿದ್ದಿಸಲೆಂದು ಕರೆತರುವ ತಂದೆ ತಾಯಿಯರಿಗೆ, ಇದು ರೋಗವೂ ಅಲ್ಲ, ಗಾಳಿಯೂ ಅಲ್ಲ, ಮದುವೆಯು ಇದಕ್ಕೆ ಮದ್ದಲ್ಲ ಎಂದು ಗದ್ದುಗೆಯ ಮುಂದೆಯೇ ಹೇಳುವುದು. ಆ ತಂದೆ ತಾಯಿಯ ಭಯವೂ ದೊಡ್ಡದು. ಅವರಿಗೂ ಸಾಂತ್ವನ ಬೇಕು. ಅದನ್ನು ಕೊಡಬಲ್ಲ ಮಾತು ಸ್ವಾಮಿಗಳ ಬಾಯಿಂದ ಬಂದಾಗ ಹಳ್ಳಿಯಲ್ಲಿ ಅದಕ್ಕಿರುವ ತೂಕವು ಕೋರ್ಟಿನ ಆದೇಶಕ್ಕೂ ಇಲ್ಲ. ಆದುದರಿಂದಲೇ ಮಠದ ಮೌನಕ್ಕೂ ಅಷ್ಟೇ ತೂಕವಿದೆ.

ಬಂದವನ ಕುಲಗೋತ್ರವನ್ನು ವಿಚಾರಿಸದೆ ಅವನನ್ನು ತನ್ನ ಮನೆಯ ಮಗನೆಂದು ಬಗೆಯುವ ಆಶಯವು ಅಣ್ಣನವರ ಇನ್ನೊಂದು ಪ್ರಸಿದ್ಧ ವಚನದಲ್ಲಿದೆ. ಹೊರಗಿನಿಂದ ಬಂದವನನ್ನು ಮನೆಯ ಮಗನೆನ್ನುವುದು ದೊಡ್ಡ ಗುಣ. ಮನೆಯಲ್ಲಿಯೇ ಹುಟ್ಟಿ ಹೊರಗಾದವನನ್ನು ಮತ್ತೆ ಮನೆಯ ಮಗನೆಂದು ಕರೆಯಲು ಅದಕ್ಕಿಂತಲೂ ದೊಡ್ಡ ಮನಸ್ಸು ಬೇಕು. ಏಕೆಂದರೆ, ಹೊರಗೆ ಹಾಕಿದವರು ಯಾರೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಕೊಡಬೇಕಾಗುತ್ತದೆ.

ಸಾಲೋಟಗಿಯ ಕಂಬವು ದೂರದ ಜನಪದಗಳಿಂದ ಬಂದ ಮಕ್ಕಳಿಗಾಗಿ ಕಟ್ಟಿದ 27 ಮನೆಗಳ ನೆನಪನ್ನು ಉಳಿಸಿಕೊಂಡಿದೆ. ಆ ಮಕ್ಕಳು ಹೇಗಿರಬೇಕೆಂದು ಕೇಳಿ ಯಾರೂ ಆ ಮನೆಗಳನ್ನು ಕಟ್ಟಲಿಲ್ಲ, ಬರುತ್ತಾರೆಂದು ಕಟ್ಟಿದರು. ಊರು ಬಿಟ್ಟುಹೋದ ಮಕ್ಕಳು ಇಂದೂ ಇದ್ದಾರೆ. ಅವರಲ್ಲೊಬ್ಬನು ಯಾವುದಾದರೊಂದು ಜಾತ್ರೆಯ ದಿನ ಜನಜಂಗುಳಿಯ ಹಿಂದೆ ಬಂದು ನಿಂತಿರಬಹುದು, ಒಳಗೆ ಬರಲೋ ಬೇಡವೋ ಎಂದು ಅಳುಕುತ್ತಿರಬಹುದು. ಅವನನ್ನು ಗುರುತಿಸಿದ ಭಕ್ತನು ಏನನ್ನೂ ತಿದ್ದಬೇಕಾಗಿಲ್ಲ. ಪ್ರಸಾದದ ಪಂಕ್ತಿಯಲ್ಲಿ ತನ್ನ ಪಕ್ಕದಲ್ಲಿ ಸ್ಥಳ ಮಾಡಿಕೊಟ್ಟು, ಅವನು ಮಾತನಾಡುವವರೆಗೆ ಕಾದರೆ ಸಾಕು.